ದಾರ ನೋಡಿ ಅಂದ ಮಾತು

ಶಹಾಪುರ
೧೧ ಫೆಬ್ರವರಿ ೧೯೫೨, ಸೋಮವಾರ

ದಾನಿಯೇಲಾ, ನನ್ನಪ್ಪಾ,

ನಿನ್ನ ಕೆಮ್ಮು ನಿಂತಿದೆಯೇ? ಹೈದರಾಬಾದಿನಲ್ಲಿ ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಕ್ಕಿಲ್ಲ. ಸಭೆಯ ಬೋಧಕರನ್ನು ತಯಾರು ಮಾಡುವ ಆ ಶಾಲೆಯಲ್ಲಿ ಎಲ್ಲರೂ ತಣ್ಣೀರು ಸುರಿದುಕೊಂಡರೂ ನೀನು ತಲೆಗೆ ಹಾಕಿಕೊಳ್ಳಬೇಡ. ನಾನು ಗಟ್ಟಿಯಾಗಿದ್ದೇನೆ. ಜೋಳದ ರಾಶಿ ಮುಗಿಯಿತು. ಪಕ್ಕದ ಮನೆಯ ವಹಾಬ ದಿನಾ ಸಂಜೆ ನನ್ನ ಹತ್ತಿರ ಕನ್ನಡ ಅಕ್ಷರ ತಿದ್ದಲು ಬರುತ್ತಾನೆ. ಕಚೇರಿಯಲ್ಲಿ ಉರ್ದು ಹೋಗಿ ಕನ್ನಡ ಬರುತ್ತದಂತೆ. ಇಷ್ಟು ವರ್ಷ ಬಲದಿಂದ ಎಡಕ್ಕೆ ಓಡಿದ ಕೈಯನ್ನು ಈಗ ತಿರುಗಿಸಬೇಕಲ್ಲ ಪಾಪ! "ಅಕ್ಕಾ, ನಿಮ್ಮ ಈ ಳ ನನ್ನ ನೌಕರಿ ತಿಂತದ ನೋಡ್ರಿ" ಎನ್ನುತ್ತಾನೆ. ಮಿಷನ್ ಶಾಲೆಯಲ್ಲಿ ಕಲಿತ ನನ್ನ ಅಕ್ಷರಕ್ಕೆ ಈಗ ಒಬ್ಬ ಗುಮಾಸ್ತ ಶಿಷ್ಯನಾಗಿದ್ದಾನೆ.

ಇನ್ನು ನಿನ್ನ ಹೆಂಡತಿಯ ವಿಷಯ. ಸುಗಲಮ್ಮ ಭಾನುವಾರ ಸಭೆಯ ಮುಂದೆ ಒಬ್ಬಳೇ ನಿಂತು ಪಾಪ ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಅವಳಿಗೆ ಕರ್ತನ ಭೋಜನದ ರೊಟ್ಟಿಯಿಲ್ಲ ಎಂದು ಸಭೆಯ ಹಿರಿಯರು ತೀರ್ಮಾನಿಸಿದ್ದನ್ನು ನಿನಗೆ ಬರೆದಿದ್ದೆ. "ಹಿರಿಯರು ಹೇಳಿದಂತೆ ಆಗಲಿ" ಎಂದು ನೀನು ಒಂದೇ ಸಾಲು ಬರೆದೆ. ಹಾಗೆ ಆಗಲಿಲ್ಲ. ನಾನು ಆಗಗೊಡಲಿಲ್ಲ. ಯಾಕೆಂಬುದನ್ನು ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಕಥೆ ಹೇಳುತ್ತಿದ್ದಂತೆಯೇ ಹೇಳುತ್ತೇನೆ. ನಡುವೆ ಎದ್ದು ಹೋಗಬೇಡ.

ಆ ಕಾರಣವನ್ನು ನನಗೆ ಮೊದಲು ಹೇಳಿದವಳು ವಹಾಬನ ಹೆಂಡತಿ ಗೌಹರಬೇಗಂ, ಹೋದ ಗುರುವಾರ, ನಮ್ಮ ಒಲೆಯ ಮುಂದೆ ಕುಳಿತು. ಕೂಸು ಮಣ್ಣಾದ ದಿನದಿಂದ ಸುಗಲಮ್ಮನ ಬಲಗೈ ಮೇಲೇಳುತ್ತಿಲ್ಲ ಎಂಬುದು ನಿನಗೆ ಗೊತ್ತು. ಅಂದಿನಿಂದ ನಮ್ಮ ಮನೆಯ ರೊಟ್ಟಿ ಬಡಿಯುವವಳು ಗೌಹರಬೇಗಮ್ಮೇ. ಕೂಸಿನ ಜ್ವರ ಇಳಿಯದಿದ್ದಾಗ ಗೋಗಿ ದರ್ಗಾದ ತಾಯಿತ ತಂದುಕೊಟ್ಟವಳೂ ಅವಳೇ. ಅದನ್ನು ಕೂಸಿನ ತೋಳಿಗೆ ಕಟ್ಟಿದ್ದು ಸುಗಲಮ್ಮನ ಬಲಗೈ. ಹಿರಿಯರಿಗೆ ಇಷ್ಟು ಸಾಕಾಯಿತು. ಕ್ರೈಸ್ತರ ಮನೆಯ ಸೊಸೆ ತಾಯಿತ ಕಟ್ಟಿದಳು, ಕೂಸು ಹೋಯಿತು, ಕೈ ಬಿತ್ತು ಎಂದು ಲೆಕ್ಕ ಮುಗಿಸಿಬಿಟ್ಟರು.

ಗೌಹರಬೇಗಮ್ಮಳ ಮಾತಿಗೆ ಬರುವ ಮೊದಲು ಡಾಕ್ಟರಮ್ಮನ ಮಾತು ಹೇಳಬೇಕು. ಸಂಕ್ರಾಂತಿಯ ನಂತರ ಸುಗಲಮ್ಮನನ್ನು ಯಾದಗಿರಿಯ ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಗೆ ಹೊಸದಾಗಿ ಬಂದ ಡಾಕ್ಟರಮ್ಮ ಮಂಗಳೂರ ಕಡೆಯವಳು, ಮನಸ್ಸಿನ ಕಾಯಿಲೆಯ ಬಗ್ಗೆಯೂ ಓದಿದವಳು. ಆಡುವ ಕನ್ನಡವೂ ಪುಸ್ತಕ ಓದಿದಂತೆಯೇ. ಸಣ್ಣ ಸುತ್ತಿಗೆಯಿಂದ ಮೊಣಕೈ ತಟ್ಟಿದಳು, ಸೂಜಿ ಚುಚ್ಚಿ ನೋಡಿದಳು. "ನರದಲ್ಲಿ ದೋಷವಿಲ್ಲ. ನಿನ್ನ ಮನಸ್ಸೇ ನಿನ್ನ ಮೇಲೆ ತೀರ್ಪು ಕೊಟ್ಟು ಈ ಕೈಯನ್ನು ಜೈಲಿಗೆ ಹಾಕಿದೆ. ನಿನ್ನದು ಪಾಪವಲ್ಲ ತಂಗೀ, ಕಾಯಿಲೆ" ಎಂದಳು. ನನ್ನ ಎದೆ ಹಗುರಾಯಿತು. ಸುಗಲಮ್ಮನ ಮುಖ ಮಾತ್ರ ಇನ್ನಷ್ಟು ಬಾಡಿತು. "ಪಾಪ ಇಲ್ಲಂದ್ರ ನನಗ ಕ್ಷಮಾನೂ ಇಲ್ಲೇನ್ರಿ, ಬಾಯಾರ?" ಅಂದಳು. ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಎದುರಿಗೇ ಕುಳಿತಳು. "ಕ್ಷಮೆ ಕೊಡುವುದು ನನ್ನ ಕೆಲಸವಲ್ಲ. ಒಂದನ್ನು ಮಾತ್ರ ಹೇಳಬಲ್ಲೆ. ಮನಸ್ಸು ಎಷ್ಟು ಸುಡುತ್ತದೆ ಎನ್ನುವುದು ತಪ್ಪು ಎಷ್ಟು ದೊಡ್ಡದು ಎನ್ನುವುದರ ಅಳತೆಯಲ್ಲ" ಎಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿನ್ನ ಹೆಂಡತಿ ಕಿಟಕಿಯ ಕಡೆಗೇ ಮುಖ ಮಾಡಿದ್ದಳು.

ಈಗ ಗುರುವಾರಕ್ಕೆ ಬರುತ್ತೇನೆ. ಗೌಹರಬೇಗಂ ಹೆಂಚಿನ ಮೇಲೆ ರೊಟ್ಟಿ ಹಾಕಿದವಳು ನನ್ನ ಕಡೆ ತಿರುಗಿ, "ಅಕ್ಕಾ, ಆಕಿ ಕೈ ತಾಯಿತದಿಂದ ಬಿದ್ದಿಲ್ಲ. ನಿಮ್ಮ ಮಗ ಒಂದು ಮಾತು ಅಂದಾನ, ಅದರಿಂದ ಬಿದ್ದದ" ಅಂದಳು. ಮಣ್ಣಿಗೆ ಒಯ್ಯುವ ಮೊದಲು ಕೂಸಿಗೆ ಸ್ನಾನ ಮಾಡಿಸುವಾಗ ನೀನು ಅದರ ತೋಳಿನ ತಾಯಿತದ ದಾರ ನೋಡಿದೆಯಂತೆ. ನೋಡಿ "ಪಾಪ" ಅಂದೆಯಂತೆ. ಅಷ್ಟೇ ಅಂದು ಮುಖ ತಿರುಗಿಸಿದವನು ಸಂಜೆ ಯಾದಗಿರಿಗೆ ಹೋಗಿ ರೈಲು ಹತ್ತಿದೆ. ನಾನು ಹಿತ್ತಲಲ್ಲಿ ನೀರು ಕಾಯಿಸುತ್ತಿದ್ದೆ, ನನಗೆ ಕೇಳಿರಲಿಲ್ಲ. ಸುಗಲಮ್ಮ ಇದನ್ನು ಗೌಹರಬೇಗಮ್ಮಳ ಮುಂದೆ ಮಾತ್ರ ಬಿಚ್ಚಿದ್ದಾಳೆ.

"ನಮ್ಮಾಗ ತಪ್ಪು ಮಾಡಿದ್ರ ಗುನಾಹ್, ಮರುಗಿದ್ರ ಬೇಚಾರಿ, ಎರಡೂ ಬ್ಯಾರೆ" ಅಂದಳು ಗೌಹರಬೇಗಂ. "ನೀವು ಕುರಿಮರಿ ಕುಂಟಿದ್ರೂ ಪಾಪ ಅಂತೀರಿ, ಕಳವು ಮಾಡಿದ್ರೂ ಪಾಪ ಅಂತೀರಿ. ಆ ಹುಡುಗಿ ಯಾವುದು ಅಂತ ತಿಳೀಬೇಕ್ರಿ?"

ಹೆಂಗಸರ ಕೂಟದಲ್ಲಿ ಇಷ್ಟು ವರ್ಷ ಪಾಪ, ರಕ್ಷಣೆ ಎಂದು ಓದಿ ಹೇಳಿದವಳು ನಾನು. ಬೀದಿಯಲ್ಲಿ ಯಾರು ಎಡವಿದರೂ ಅಯ್ಯೋ ಪಾಪ ಅನ್ನುವವಳೂ ನಾನೇ. ಎರಡೂ ಒಂದೇ ಬಾಯಿಂದ ಹೊರಟದ್ದನ್ನು ನನ್ನ ಕಿವಿ ಕೇಳಿಯೇ ಇರಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದಾಗ ನಾವಿಬ್ಬರೂ ಎಚ್ಚೆತ್ತೆವು.

ಶನಿವಾರ ಸಂಜೆ ಪಾದ್ರಿಗಳೂ ಹಿರಿಯ ಸಮುವೇಲಪ್ಪನೂ ಮನೆಗೆ ಬಂದರು. ಸಮುವೇಲಪ್ಪ ಕೂಡುವ ಮೊದಲೇ, "ತಾಯಿತ ಕಟ್ಟಿದ ಕೈ, ದೇವರ ಪೆಟ್ಟು ಬಿದ್ದದ. ಒಪ್ಕೊಂಡ್ರ ಎದ್ದೀತು" ಎಂದು ಶುರುಮಾಡಿದ. "ಹಂಗಾದ್ರ ನಿನ್ನ ಮೊಣಕಾಲು ಯಾವ ದರ್ಗಾಕ್ಕ ಹೋಗಿತ್ತು, ಸಮುವೇಲಪ್ಪ? ಕುಂಟಕೋತ ಬಂದೀದಿ" ಅಂದೆ. ಪಾದ್ರಿಗಳು ಕೆಮ್ಮುವ ನೆಪದಲ್ಲಿ ನಗು ಮುಚ್ಚಿಕೊಂಡರು. ಆಮೇಲೆ ನಾನು ಡಾಕ್ಟರಮ್ಮನ ಮಾತು, ಗೌಹರಬೇಗಮ್ಮಳ ಮಾತು ಎರಡನ್ನೂ ಒಂದಕ್ಷರ ಬಿಡದೆ ಹೇಳಿದೆ. ನನ್ನ ಸೊಸೆಯನ್ನು ಒಬ್ಬಳನ್ನೇ ನಿಲ್ಲಿಸುವುದಾದರೆ ಮೊದಲು ನನ್ನನ್ನು ದಾಟಿ ಹೋಗಿರಿ ಎಂದೂ ಹೇಳಿದೆ. ಪಾದ್ರಿಗಳ ಮುಖದ ನಗು ಹೋಯಿತು.

ಆಗ ಸುಗಲಮ್ಮನೇ ಬಾಗಿಲಿಗೆ ಬಂದು ನಿಂತಳು. "ತಾಯಿತ ಕಟ್ಟೀನ್ರಿ, ಅಯ್ಯನೋರ. ಹೆದರಿ ಕಟ್ಟೀನಿ. ನನ್ನ ದೇವರ ಮ್ಯಾಲ ನನಗ ನಂಬಿಕಿ ಸಾಲಲಿಲ್ಲ, ಅದನ್ನ ಆತನ ಮುಂದ ಹೇಳತೀನಿ. ಆದ್ರ ಅದರಿಂದ ನನ್ನ ಕೂಸು ಸತ್ತದ ಅಂತ ನನ್ನ ಬಾಯಿಲೆ ಹೇಳಸಬ್ಯಾಡ್ರಿ. ಅದನ್ನ ನಾ ಹೇಳೂದಿಲ್ಲ."

ಕೂಸು ಹೋದ ಮೇಲೆ ಅವಳು ನನ್ನ ಮುಂದೆ ಅಷ್ಟು ಮಾತಾಡಿದ್ದು ಅದೇ ಮೊದಲು. "ಎರಡೂ ಒಂದೇ ಅಲ್ಲೇನು?" ಅಂದ ಸಮುವೇಲಪ್ಪ. "ಒಂದಲ್ಲ" ಅಂದರು ಪಾದ್ರಿಗಳು. "ನಾಳಿ ನಿನ್ನ ಹೆಸರು ಕರೆಯೂದಿಲ್ಲವ್ವಾ. ಎಲ್ಲಾರ ಕೂಡ ಹೇಳು" ಎಂದು ಎದ್ದರು.

ಮರುದಿನ ಬೆಳಿಗ್ಗೆ ಅವರು ಹೆಸರು ಕರೆಯಲಿಲ್ಲ. ಎಲ್ಲರೂ ತಲೆ ಬಗ್ಗಿಸಿ ನಾವು ತಪ್ಪಿದ್ದೇವೆ ಎಂದು ಹೇಳುವಾಗ ಅವಳ ದನಿ ನನ್ನ ಪಕ್ಕದಲ್ಲೇ ಕೇಳಿತು. ರೊಟ್ಟಿ ಹಂಚುವ ಹೊತ್ತಿಗೆ ಮೊಣಕಾಲೂರಿದೆವು. ಬಲಗೈ ಮಡಿಲಲ್ಲೇ ಬಿದ್ದಿತ್ತು. ಎಡಗೈಯಲ್ಲಿ ಮನೆಯ ಊಟದ ತುತ್ತನ್ನೂ ಮುಟ್ಟದವರು ನಾವು. ಅವಳು ಎಡಗೈಯನ್ನು ಅರ್ಧ ಎತ್ತಿ ಹಿಂದಕ್ಕೆ ಎಳೆದುಕೊಂಡಳು. ಪಾದ್ರಿಗಳು ಮುಂದಿನವರ ಕಡೆ ಹೋಗಲಿಲ್ಲ, ಅಲ್ಲಿಯೇ ಬಗ್ಗಿ ಕಾದರು. ಅವಳು ಮತ್ತೆ ಎಡಗೈ ಚಾಚಿದಾಗ ಅಂಗೈಯ ಮೇಲೆ ರೊಟ್ಟಿಯ ಚೂರು ಇಟ್ಟರು. ಸಮುವೇಲಪ್ಪ ಓರೆಗಣ್ಣಿನಿಂದ ನೋಡಿದ, ಏನೂ ಅನ್ನಲಿಲ್ಲ. ಅವನ ಮಟ್ಟಿಗೆ ಅದೂ ದೊಡ್ಡದೇ.

ಬಲಗೈ ಎದ್ದಿತು ಎಂದು ಬರೆದರೆ ನಿನಗೆ ಸಂತೋಷವಾದೀತು, ಆದರೆ ಅದು ಸುಳ್ಳಾಗುತ್ತದೆ. ಕೈ ಹಾಗೆಯೇ ಇದೆ. ನಿನ್ನೆ ಮಧ್ಯಾಹ್ನ ಮಾತ್ರ ಹೊಟ್ಟೆ ತುಂಬ ಉಂಡಳು.

ದೇವರು ನಿನ್ನ ಓದನ್ನೂ ನಿನ್ನ ನಾಲಿಗೆಯನ್ನೂ ಕಾಯಲಿ. ನಿನ್ನ ಕೋಣೆಯ ಗೆಳೆಯರಿಗೆ ನಾನು ಕೇಳಿದೆ ಎಂದು ಹೇಳು.

ನಿನ್ನ ಅವ್ವ,
ಮಾನಮ್ಮ

ತಾ.ಕ. ವಹಾಬ ಟಪಾಲಿಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಅಂದು ನೀನು ಅಂದದ್ದು ಯಾವ ಪಾಪ? ಕನಿಕರದ್ದಾದರೆ ಬಂದು ಅವಳಿಗೆ ಹೇಳು. ಇನ್ನೊಂದಾದರೂ ಬಾ, ಊರವರಿಗೆಲ್ಲ ಕ್ಷಮೆ ಸಾರಲು ಕಲಿಯುತ್ತಿರುವವನು ಮೊದಲು ಮನೆಯಲ್ಲಿ ಸಾರು. ಉತ್ತರ ಬರೆಯಬೇಡ. ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.