ಕೆಡಿಸಿದ್ದು ನಾನೇ

ಮನೆಯಿಂದ,
ಮಾರ್ಚ್ ೧೨, ಗುರುವಾರ ಮಧ್ಯಾಹ್ನ

ನನ್ನ ಪ್ರೀತಿಯ ಚಿಲ್ಟೂ,

ಹೇಗಿದ್ದೀಯಾ? ಮೊಣಕೈಯ ಸುಟ್ಟಗಾಯ ಒಣಗಿತೇ? ಜೈಲಿನ ಡಾಕ್ಟರು ಕೊಟ್ಟ ಮುಲಾಮು ಹಚ್ಚಿಕೋ, ಸೋಮಾರಿತನ ಬೇಡ. ಅಮ್ಮ ಹೇಗೋ ಇದ್ದಾಳೆ. ನಿನ್ನ ಕೆಲಸದ ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿ ಮಡಿಸಿಡುತ್ತಾಳೆ. ಎರಡು ದಿನ ಬಿಟ್ಟು ಅದನ್ನೇ ಮತ್ತೆ ಒಗೆಯುತ್ತಾಳೆ.

ಸುತ್ತಿಬಳಸಿ ಏನು ಪ್ರಯೋಜನ? ನಿನ್ನ ಮೇಲ್ಮನವಿ ಮಂಗಳವಾರ ವಜಾ ಆಯಿತು. ಏಳು ವರ್ಷ ಎಂದರೆ ಏಳು ವರ್ಷವೇ. ಪರೀಕ್ಷೆಯ ದಿನ ನೀನು ವಾಲ್ವ್ ತೆರೆಯಲು ಮರೆತೆ, ಹೊಸ ಬಾಯ್ಲರು ಸಿಡಿಯಿತು, ಕಾರ್ಖಾನೆಯ ಇಡೀ ವರ್ಷದ ಯೋಜನೆ ನೆಲಕಚ್ಚಿತು. ಸದ್ಯ, ಯಾರ ಜೀವವೂ ಹೋಗಲಿಲ್ಲ. ಪೊಲೀಸರ ವಿಚಾರಣೆಯಲ್ಲಿ ನೀನು ಹೇಳಿದ್ದು ಇಷ್ಟೇ: "ಕೆಲಸ ಕೆಡಿಸಿದ್ದು ನಾನೇ ಸಾರ್, ಬೇರೆ ಯಾರನ್ನೂ ಹಿಡೀಬೇಡಿ." ಇಂಗ್ಲಿಷ್ ಪ್ರತಿಯಲ್ಲಿ ಅದು ‘ಸ್ಯಾಬೊಟಾಜ್’ ಆಯಿತು. ನ್ಯಾಯಾಧೀಶರು ಓದಿದ್ದು ಆ ಪ್ರತಿಯನ್ನು.

ನಮಗೆ ಎಲ್ಲದಕ್ಕೂ ‘ಕೆಡಿಸು’ ಸಾಕು. ಇಂಗ್ಲಿಷಿನವರಿಗೆ ಹಾಗಲ್ಲ. ನಾನು ಕದ್ದು ಸಿನಿಮಾಕ್ಕೆ ಹೊರಟಾಗ ನೀನು ನನ್ನ ಚಪ್ಪಲಿ ಬಚ್ಚಿಟ್ಟೆಯಲ್ಲ, ಅದು ‘ಫಾಯಿಲ್’, ಇನ್ನೊಬ್ಬರ ಹಂಚಿಕೆ ಕೈಗೂಡದಂತೆ ಮಾಡುವುದು. ನೀನು ಬ್ಯಾಂಡಿಗೆ ಸೇರುತ್ತೇನೆಂದಾಗ ಅಪ್ಪ ಬಾಗಿಲಿಗೇ ಅಡ್ಡ ನಿಂತರಲ್ಲ, ಅದು ‘ಥ್ವಾರ್ಟ್’. ಗಡಿಬಿಡಿಯಲ್ಲಿ, ಕೈತಪ್ಪಿ ಹಾಳುಮಾಡಿದರೆ ‘ಬಾಚ್’. ತಲೆ ಬಾಚುವುದಲ್ಲ, ನಗಬೇಡ. ನಿನ್ನದು ಅದು ಕಣೋ, ಹುಟ್ಟಿದಾಗಿನಿಂದ ನಿನ್ನದು ಅದೇ. ‘ಸ್ಯಾಬೊಟಾಜ್’ ಎಂದರೆ ಒಳಗಿದ್ದುಕೊಂಡೇ, ಬೇಕೆಂದೇ, ಸಂಚು ಹೂಡಿ ಕೆಡಿಸುವುದು. ‘ಬಾಚ್’ಗಾದರೆ ಕೆಲಸ ಹೋಗುತ್ತಿತ್ತು, ಅಷ್ಟೇ. ಅಮ್ಮನ ಕೈಲಿ ಬೈಸಿಕೊಂಡು ಮನೆಯಲ್ಲಿ ಬಿದ್ದಿರುತ್ತಿದ್ದೆ.

ಇನ್ನು ದಾರಿಯಿಲ್ಲ ಎಂದರು ವಕೀಲರು. ಅಮ್ಮನಿಗೆ ಹೇಳಲು ಬಾಯಿ ಬಂದಿಲ್ಲ. ಊಟ ಬಿಡಬೇಡ. ಯಾರ ಜೊತೆಗೂ ಜಗಳಕ್ಕಿಳಿಯಬೇಡ.

ನಿನ್ನ ಮೈಮನಸ್ಸು ಗಟ್ಟಿಯಾಗಿರಲೆಂದು ಹಾರೈಸುವ,
ಅಕ್ಕ

ಮ.ವಿ.: ಅಂಚೆಯವನು ಬರುವ ಹೊತ್ತಾಯಿತು, ಬರೆದೇಬಿಡುತ್ತೇನೆ. ಆ ಪ್ರತಿಯನ್ನು ಅನುವಾದಿಸಿದ್ದು ನಾನು. ನಮ್ಮ ಕಚೇರಿಗೆ ಅನುವಾದಕ್ಕೆ ಬರುವ ಹೇಳಿಕೆಗಳಲ್ಲಿ ಹೆಸರಿರುವುದಿಲ್ಲ, ನಂಬರು ಮಾತ್ರ. ನಿನ್ನನ್ನು ಹಿಡಿದ ಸುದ್ದಿ ಮುಟ್ಟುವ ಮೊದಲೇ ಆ ಅರ್ಧ ಹಾಳೆ ನನ್ನ ಮೇಜಿಗೆ ಬಂದಿತ್ತು. ಯಾವನೋ ಫಿಟ್ಟರ್ ಎಂದುಕೊಂಡೆ. ಊಟಕ್ಕೆ ಏಳುವ ಅವಸರ, ಪದ ಗತ್ತಾಗಿದೆ ಅನ್ನಿಸಿತು, ಹಾಕಿಬಿಟ್ಟೆ. ಮಂಗಳವಾರ ಕೋರ್ಟಿನಲ್ಲಿ ಎದ್ದುನಿಂತು ಎಲ್ಲವನ್ನೂ ಒಪ್ಪಿಕೊಂಡೆ. "ತಮ್ಮನ್ನ ಉಳಿಸೋಕೆ ಅಕ್ಕ ಇನ್ನೇನು ತಾನೇ ಹೇಳ್ತಾಳೆ? ಕೂತ್ಕೊಳ್ಳಿ ಅಮ್ಮ" ಎಂದರು ನ್ಯಾಯಾಧೀಶರು. ಕೂತೆ.