ಇನ್ನೂ ಬಾರದ ಅರ್ಜಿಗಳು

ಕಕ್ಕಬೆ
ಶನಿವಾರ, 15 ನವೆಂಬರ್ 2025

ಸೊಸೆ ಅಶ್ವಿತಾ,

ನಿನಗೂ ಕೂಸಿಗೂ ನನ್ನ ಆಶೀರ್ವಾದ. ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ? ಹಾಲು ಸಾಕಾಗುತ್ತಿದೆಯಾ? ಸೊಂಟ ನೋವು ಅಂದಿದ್ದೆ, ಎಣ್ಣೆ ತಿಕ್ಕಿಸಿಕೊಳ್ಳುವಾಗ ನಾಚಿಕೆ ಮಾಡಬೇಡ. ನಿನ್ನ ಅಮ್ಮ ವನಜಮ್ಮನವರ ಬಾಣಂತನದಲ್ಲಿ ಕೊರತೆ ಹುಡುಕುವವಳು ನಾನಲ್ಲ. ಬಾಣಂತಿಯ ಕಣ್ಣು ಹಾಳಾಗುತ್ತದೆ ಎಂದು ಅವರು ನಿನ್ನ ಫೋನು ಎತ್ತಿಟ್ಟು, ಕಂಪ್ಯೂಟರನ್ನು ಶಶಿಧರನ ಕೈಯಲ್ಲಿ ಇಲ್ಲಿಗೆ ಕಳಿಸಿದರಲ್ಲ, ಅದಕ್ಕೇ ಈ ಕಾಗದ. ನಾಳೆ ಅವನು ಕುಶಾಲನಗರಕ್ಕೆ ಬಂದು ನಿನ್ನ ಹಾಸಿಗೆ ಪಕ್ಕ ಕೂತು ಓದುತ್ತಾನೆ. ಅತ್ತೆಯ ಬೈಗುಳವನ್ನು ಗಂಡನ ಬಾಯಲ್ಲಿ ಕೇಳುವ ಯೋಗ ಎಲ್ಲರಿಗೂ ಬರುವುದಿಲ್ಲ.

ಬೈಯುವುದು ಹೋದ ವಾರ ನೀನು ಅವನ ಹತ್ತಿರ ಹೇಳಿ ಕಳಿಸಿದ ಮಾತಿಗೆ. ಆ ಕಂಪ್ಯೂಟರಿನ ಕೆಲಸ ಬಿಟ್ಟೆ, ಬೇರೆ ಯಾರಾದರೂ ನೋಡಿಕೊಳ್ಳಲಿ ಎಂದು ಬರೆದು ಹಾಕಿ ಅಂದೆಯಂತೆ. ಅವನು ಬರೆಯಲು ಕೂತೇಬಿಟ್ಟಿದ್ದ. ನಾನು ಹೋಗಿ ಕಂಪ್ಯೂಟರಿನ ಮುಚ್ಚಳ ಮುಚ್ಚಿದೆ. ಬೆರಳು ಸಿಕ್ಕಿಕೊಂಡಿತು, ಸಿಕ್ಕಲಿ. "ಇದೆಲ್ಲ ನಿಂಗೆ ಎಂತ ಗೊತ್ತುಟ್ಟು ಅವ್ವಾ?" ಅಂದ. "ಗೊತ್ತಿಲ್ಲೆಂತಲೇ ಕೇಳ್ತೊಳೆ, ಸರಿಯಾಗಿ ಹೇಳು" ಅಂದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ತಿಳಿಯುವಂತೆ ಹೇಳಲು ಅವನಿಗೆ ಇಡೀ ಮಧ್ಯಾಹ್ನ ಹಿಡಿಯಿತು. ಅವನಿಗೇ ಅರ್ಧ ಗೊತ್ತಿರಲಿಲ್ಲ ಎಂದು ನನ್ನ ಅನುಮಾನ.

ನಮ್ಮ ಊಟದ ಮೇಜಿನ ಮೇಲೆ ನೀನು ಕುಟ್ಟುತ್ತಿದ್ದದ್ದು ವಿಮೆಯವರ ಲೆಕ್ಕದ ತಂತ್ರಾಂಶವಂತೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗೆ ತೆರೆದು ತಿದ್ದಲೂಬಹುದು. ಎಲ್ಲೆಲ್ಲಿಯದೋ ಸಣ್ಣ ವಿಮಾ ಸಂಘಗಳು ಅದನ್ನೇ ನಂಬಿವೆಯಂತೆ. ಕೆಲವರಿಗೆ ನಷ್ಟ ಆಗಿಹೋಗಿರುತ್ತದೆ, ಅವರ ಅರ್ಜಿ ಮಾತ್ರ ಇನ್ನೂ ಬಂದಿರುವುದಿಲ್ಲ. ಅಂಥವರಿಗಾಗಿ ಈಗಲೇ ಎಷ್ಟು ಹಣ ತೆಗೆದಿಡಬೇಕೆಂದು ಅದು ಹಿಂದಿನ ವರ್ಷಗಳನ್ನು ನೋಡಿ ಹೇಳುತ್ತದೆ. ನೀನು ಬರೆದ ಭಾಗ, ಮುಂದೆ ಬರಬೇಕಾದ ತಿಂಗಳುಗಳ ಖಾಲಿ ಜಾಗವನ್ನು ಸೊನ್ನೆ ಎಂದು ಓದಿ, ತೆಗೆದಿಡುವ ಹಣವನ್ನು ಕಡಿಮೆ ತೋರಿಸಿತು. ಹೆರಿಗೆಗೆ ಹೋಗುವ ಮುಂಚೆ ನೀನೇ ಅದನ್ನು ಕಂಡು, ತಿದ್ದಿ ಕಳಿಸಿದೆ. ತಂತ್ರಾಂಶ ನಡೆಸುವವರು ಅದನ್ನು ಪರೀಕ್ಷೆ ಮಾಡಿ, ಒಂದು ಕಡೆ ಇನ್ನೂ ತಪ್ಪುತ್ತಿದೆ ಅಂದರು. ಅಷ್ಟಕ್ಕೇ ನಿನ್ನ ಕೈ ಸೋತಿತು.

ಗುಡ್ಡ ಜರಿದ ವರ್ಷ ನನ್ನ ಅಕ್ಕನ ಮನೆ ಮಣ್ಣಿನಡಿ ಹೋದದ್ದು ನಿನಗೆ ಹೇಳಿದ್ದೇನೆ. ಅವಳು ವಿಮೆಗೆ ಅರ್ಜಿ ಹಾಕಿದ್ದು ಮರುವರ್ಷ. ಪತ್ರಗಳೆಲ್ಲ ಮಣ್ಣಿನೊಳಗೆ, ಅವಳು ಆ ನೆಂಟರಿಂದ ಈ ನೆಂಟರ ಮನೆಗೆ. "ಇಷ್ಟು ದಿನ ಎಲ್ಲಿದ್ರಿ ಅಮ್ಮ?" ಅಂದನಂತೆ ಕೌಂಟರಿನಲ್ಲಿದ್ದವನು. ಎಲ್ಲಿರುತ್ತಾಳೆ? ನಿನ್ನ ಆ ಖಾಲಿ ಜಾಗದಲ್ಲಿದ್ದಳು. ಶಶಿ ವಿವರಿಸುವಾಗ ನನಗೆ ಅವಳದೇ ಮುಖ ಕಂಡಿತು. ಪುಕ್ಕಟೆ ಚಾಕರಿ ಎಂದು ಇಷ್ಟು ದಿನ ಗೊಣಗುತ್ತಿದ್ದೆ, ಇನ್ನು ಗೊಣಗುವುದಿಲ್ಲ.

"ತಪ್ಪು ಮಾಡಿದವಳು ನಾನೇ, ಮತ್ತೆ ಮುಟ್ಟಲು ಹೆದರಿಕೆ" ಎಂದು ಅಳುತ್ತಾ ಅಂದೆಯಂತೆ. ತುಂಬಿದ ಹೊಟ್ಟೆ ಹೊತ್ತುಕೊಂಡು, ಯಾರ ಕಣ್ಣಿಗೂ ಬೀಳದ ತಪ್ಪನ್ನು ನೀನೇ ಎತ್ತಿ ಹೇಳಿದೆ. ಮುಚ್ಚಿಟ್ಟಿದ್ದರೆ ನಾನೇ ಬಂದು ಕಿವಿ ಹಿಂಡುತ್ತಿದ್ದೆ. ತಿಂಗಳ ಕೊನೆಗೆ ಸಂಘಗಳು ಲೆಕ್ಕ ಮುಗಿಸುತ್ತವಂತೆ, ಅಷ್ಟರೊಳಗೆ ನೀನು ನೋಡದಿದ್ದರೆ ತಂತ್ರಾಂಶ ನಡೆಸುವವರು ನಿನ್ನ ಭಾಗವನ್ನು ಬೇರೆಯವರ ಕೈಗೆ ಕೊಡುತ್ತಾರಂತೆ. ಹಾಗಾಗಿ ಶಶಿಯ ಕೈಯಲ್ಲಿ ಅವರಿಗೆ ನಾನೇ ಬರೆಸಿದೆ: ಅವಳು ಬಾಣಂತಿ, ಬಿಟ್ಟಿಲ್ಲ, ಕಾಯಿರಿ. ತಿಂಗಳ ಕೊನೆಯವರೆಗೂ ಕಾಯುತ್ತೇವೆ ಎಂದು ಬರೆದರು. ಕೂಸಿನ ಹೆಸರೇನು ಎಂದೂ ಕೇಳಿದರು. ಒಳ್ಳೆಯ ಜನ.

ವನಜಮ್ಮನವರಿಗೆ ನಮಸ್ಕಾರ ತಿಳಿಸು. ಕೂಸಿನ ನೆತ್ತಿಗೆ ನನ್ನದೊಂದು ಮುತ್ತು ಕೊಡು, ನಿನ್ನ ಕಣ್ಣೊರೆಸಿಕೊ.

ನಿನ್ನ ಅತ್ತೆ,
ಯಮುನ

ಮರೆತಿದ್ದೆ: ಶಶಿ, ಇಲ್ಲಿಂದ ಜೋರಾಗಿ ಓದಬೇಡ, ಕಾಗದ ಅವಳ ಕೈಗೆ ಕೊಡು. ಅಶ್ವಿತಾ, ಕೂಸಿಗೆಂದು ಕಳಿಸಿದ ಹಳೇ ಸೀರೆಗಳ ಚೀಲದ ತಳದಲ್ಲಿ ನಿನ್ನ ಕಂಪ್ಯೂಟರ್ ಇದೆ. ಬೆಳಕು ಕಡಿಮೆ ಇಟ್ಟುಕೋ, ಕಣ್ಣು ಉರಿದರೆ ಮುಚ್ಚಿಬಿಡು. ನಾಳೆ ಮಧ್ಯಾಹ್ನ ಮೂರು ಗಂಟೆಗೆ ವನಜಮ್ಮನವರಿಗೆ ಫೋನ್ ಮಾಡಿ, ನಾಮಕರಣ ನಮ್ಮ ಮನೆಯಲ್ಲೇ ಆಗಬೇಕು ಎಂದು ಜಗಳ ತೆಗೆಯುತ್ತೇನೆ. ಸಿಟ್ಟು ಬಂದರೆ ಅವರು ಅಂಗಳಕ್ಕೆ ಹೋಗಿ ಓಡಾಡುತ್ತಾ ಮಾತಾಡುವವರು, ಬೇಗ ಬಿಡುವುದಿಲ್ಲ, ನಾನೂ ಬಿಡುವುದಿಲ್ಲ. ನಿನ್ನ ಕೆಲಸ ಮುಗಿದ ಕೂಡಲೇ ಶಶಿ ನನಗೊಂದು ಮಿಸ್ ಕಾಲ್ ಕೊಡಲಿ. ಆಮೇಲೆ ನಾನು ಸೋಲುತ್ತೇನೆ.