ಅಪ್ಪನ ಬಿಕ್ಕಳಿಕೆ

ಮಾರ್ಚ್ 6
ಮತ್ತೆ ಅದೇ ಸ್ಟೂಲು, ಅದೇ ಫ್ಲಾಸ್ಕು. ಹೊಟ್ಟೆಯ ಹುಣ್ಣು ಒಡೆದು ಅಪ್ಪನಿಗೆ ಆಪರೇಷನ್ ಆಗಿ ವಾರ ಕಳೆಯಿತು. ಹೊಲಿಗೆ ಒಣಗುತ್ತಿದೆ. ಬೆಳಗಿನಿಂದ ಬಿಕ್ಕಳಿಕೆ ಮಾತ್ರ ನಿಂತಿಲ್ಲ.

"ಯಾರೋ ನೆನೆಸ್ಕೊಳ್ತಿದಾರೆ ಕಣೋ. ಒಂದೊಂದೇ ಹೆಸರು ಹೇಳು, ನಿಲ್ಲುತ್ತೆ," ಅಂದಳು ಅತ್ತೆ.

ಅಪ್ಪ ತಾನು ಕೆಲಸ ಮಾಡುವ ಬಸ್ ಡಿಪೋದವರ ಹೆಸರನ್ನೆಲ್ಲ ಹೇಳಿದ. ನನ್ನದು ಬಿಟ್ಟು. ನಾನು ಶಾಲೆ ಬಿಟ್ಟಾಗಿನಿಂದ ನನ್ನ ಜೊತೆ ಮಾತಿಲ್ಲ. ಬೇಕಾದ್ದನ್ನು ಗೋಡೆಗೆ ಹೇಳುತ್ತಾನೆ. "ನೀರು ಬೇಕಿತ್ತು." ಗೋಡೆ ಕೊಡಲಿಲ್ಲ, ನಾನೇ ಕೊಟ್ಟೆ.

ಮಾರ್ಚ್ 7
ರಾತ್ರಿಯೆಲ್ಲ ಅಪ್ಪನಿಗೆ ನಡುಕ, ಮೈ ಕಾದ ಹೆಂಚು. ಬಲಭುಜ ನೋವು. ರೌಂಡ್ಸಿಗೆ ಬಂದ ಸರ್ಜನ್ "ಹೇಗಿದ್ದೀರಿ?" ಅಂದರು.

"ಗುಂಡುಕಲ್ಲು. ಮನೆಗೆ ಕಳ್ಸಿ ಸಾರ್."

"ಸುಳ್ಳು," ಅಂದೆ. ಎಲ್ಲ ಹೇಳಿಬಿಟ್ಟೆ.

ಅಪ್ಪ ಗೋಡೆಗೆ ಹೇಳಿದ: "ಹತ್ತನೇ ಕ್ಲಾಸು ದಾಟದವನು ಡಾಕ್ಟ್ರಾಗಿದಾನೆ."

ಸರ್ಜನ್ ನಗಲಿಲ್ಲ. ಬಲಪಕ್ಕೆ ಒತ್ತಿದರು. ಅಪ್ಪ ಕಿರುಚಿದ.

ಸಂಜೆ
ಸ್ಕ್ಯಾನ್ ಆಯಿತು. ಲಿವರ್ ಮೇಲೆ, ಎದೆ-ಹೊಟ್ಟೆ ನಡುವಿನ ಪರದೆಯ ಕೆಳಗೆ ಕೀವು ಕಟ್ಟಿದೆ. ಪರದೆ ಕೆರಳಿದ್ದರಿಂದ ಬಿಕ್ಕಳಿಕೆ, ಭುಜದ ನೋವೂ ಅದರದ್ದೇ. ಯಾರೂ ನೆನೆಯುತ್ತಿರಲಿಲ್ಲ. ಪಕ್ಕೆಗೆ ಸೂಜಿ ಚುಚ್ಚಿ ನಳಿಕೆ ಇಟ್ಟರು. ಚೀಲಕ್ಕೆ ಹಳದಿ-ಹಸಿರು ಗಂಜಿಯಂಥದ್ದು ಇಳಿಯಿತು. ನಾತಕ್ಕೆ ವಾಂತಿ ಬಂತು. ಆದರೂ ಖುಷಿ.

ಮಾರ್ಚ್ 10
ಎರಡು ದಿನ ಜ್ವರವೂ ಇರಲಿಲ್ಲ, ಬಿಕ್ಕಳಿಕೆಯೂ ಇರಲಿಲ್ಲ. ಬರೆಯದೆ ನಿದ್ದೆ ಹೊಡೆದೆ. ಇವತ್ತು ಚೀಲಕ್ಕೆ ಏನೂ ಇಳಿದಿಲ್ಲ.

"ಖಾಲಿ ಆಯ್ತು ಬಿಡು," ಅಂದಳು ಅತ್ತೆ.

ಖಾಲಿಯಾಗಿದ್ದರೆ ಬಿಕ್ಕಳಿಕೆ ಮತ್ತೆ ಯಾಕೆ? ಸಿಸ್ಟರನ್ನು ಕರೆದೆ. ನಳಿಕೆ ತೊಳೆದರು, ಪ್ರಯೋಜನವಿಲ್ಲ. ಮತ್ತೆ ಸ್ಕ್ಯಾನ್. ಉಳಿದ ಕೀವು ಗೂಡುಗೂಡಾಗಿ ಕೂತಿದೆ, ನಳಿಕೆಗೆ ಸಿಗದು. ಬಿಪಿ ಇಳಿಯುತ್ತಿದೆ. ಹೊಟ್ಟೆ ಮತ್ತೆ ತೆರೆಯಲೇಬೇಕಂತೆ.

"ಉಳೀತಾನಾ ಸಾರ್?"

"ನಮ್ಮ ಪ್ರಯತ್ನ ಮಾಡ್ತೀವಪ್ಪ."

ಸ್ಟ್ರೆಚರ್ ಕಾರಿಡಾರಿನ ನಡುವೆ ನಿಂತಾಗ ಅಪ್ಪ ಅಂದ, "ಭಯ ಆಗ್ತಿದೆ ಕಣೋ."

ಗೋಡೆ ದೂರವಿತ್ತು.

ಸುಳ್ಳು ಹೇಳಲಾಗಲಿಲ್ಲ. "ನಂಗೂ," ಅಂದೆ.

ಥಿಯೇಟರ್ ಹೊರಗೆ
ಬಾಗಿಲ ಮೇಲೆ ಕೆಂಪು ದೀಪ. ಅತ್ತು ಅತ್ತು ನನಗೇ ಬಿಕ್ಕಳಿಕೆ ಹತ್ತಿದೆ. ಅತ್ತೆ ನೀರಿನ ಬಾಟಲಿ ಚಾಚಿದಳು.

"ನೋಡೋ, ನಿಮ್ಮಪ್ಪ ನೆನೆಸ್ಕೊಳ್ತಿದಾನೆ."

ಪ್ರಜ್ಞೆ ತಪ್ಪಿಸಿ ಮಲಗಿಸಿದವನು ಯಾರನ್ನೂ ನೆನೆಯುವುದಿಲ್ಲ. ಗೊತ್ತು. ಆದರೂ ನೀರು ಕುಡಿದಿಲ್ಲ. ಬಾಟಲಿ ಬೆಂಚಿನ ಕೆಳಗೆ ತಳ್ಳಿದ್ದೇನೆ. ಇದು ನಿಲ್ಲಬಾರದು. ಬಂತು... ಮತ್ತೆ ಬಂತು... ಈ ಸಲ ಯಾಕೋ ಸ್ವಲ್ಪ ತಡ—